ಶಿಲೀಂಧ್ರಚಿತ್ರಣ: ಬೈಲಹೊಂಗಲ ಸೀಮೆಯ ನಿದರ್ಶನಗಳೊಡನೆ

ಅಣಬೆ, ಬೂಷ್ಟು, ಕಾಡಿಗೆ, ಕಲ್ಲುಹೂವು ಮೊದಲಾದ ಹೆಸರುಗಳಿಂದ ಜನರು ಬೇರೆ ಬೇರೆಯಾಗಿ ಗುರುತಿಸುವ, ಆದರೆ ಶಾಸ್ತ್ರದೃಷ್ಟಿಯಿಂದ ಒಂದೇ ವರ್ಗಕ್ಕೆ ಸೇರುವ ಜೀವಿಗಳ ಆಕೃತಿ, ವರ್ಣ, ವಿನ್ಯಾಸಗಳನ್ನು ರೇಖೆ, ಬಣ್ಣ, ಮಣ್ಣು, ಗಾಜು, ಛಾಯಾಗ್ರಹಣ ಇವುಗಳ ಮೂಲಕ ಕಣ್ಣಿಗೆ ತಂದುಕೊಡುವ ಕಲೆಯನ್ನು ಶಿಲೀಂಧ್ರಚಿತ್ರಣವೆನ್ನಬಹುದು. ಪುಷ್ಪಚಿತ್ರಣ, ಪಕ್ಷಿಚಿತ್ರಣಗಳಂತೆ ಇದೂ ಪ್ರಕೃತಿಚಿತ್ರಣದ ಒಂದು ಶಾಖೆಯೇ ಆದರೂ ಅವೆರಡಕ್ಕೂ ಇಲ್ಲದ ಒಂದು ಅನಿವಾರ್ಯತೆ ಇದಕ್ಕುಂಟು. ಹೂವನ್ನು ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿದರೆ ಅದರ ಎಸಳು ಕೇಸರಗಳನ್ನು ನೂರು ವರ್ಷಗಳ ಮೇಲೂ ಎಣಿಸಬಹುದು; ಹಕ್ಕಿಯ ತೊಗಲಿಗೆ ಹತ್ತಿ ತುಂಬಿಟ್ಟರೆ ಗರಿಗಳ ಬಣ್ಣ ಬಹುಕಾಲ ನಿಲ್ಲುವುದು; ಅಣಬೆಯಾದರೋ ಕಿತ್ತ ದಿನವೇ ಬಾಡತೊಡಗಿ, ಒಣಗಿದ ಬಳಿಕ ಬಣ್ಣವಳಿದು ಸುಕ್ಕುಗಟ್ಟಿ, ಜೀವಂತವಾಗಿದ್ದಾಗ ಹೇಗಿತ್ತೆಂಬುದನ್ನು ಬಲ್ಲವರೂ ಊಹಿಸಲಾರದ ಕಂದು ತುಣುಕಾಗಿ ಉಳಿಯುವುದು. ಅದರ ನಿಜವಾದ ದೇಹವು ಮಣ್ಣಿನಲ್ಲಿಯೋ ಕೊಳೆತ ಕಟ್ಟಿಗೆಯಲ್ಲಿಯೋ ಹರಡಿದ ಸೂಕ್ಷ್ಮ ತಂತುಗಳ ಜಾಲವಾಗಿದ್ದು, ನಾವು ಕಾಣುವ ಕೊಡೆ ಆ ಜಾಲದ ಫಲವಷ್ಟೇ. ಹೀಗೆ ದೇಹ ಅಗೋಚರವೂ ಫಲ ಅಲ್ಪಾಯುವೂ ಆಗಿರುವ ಜೀವಿಯನ್ನು ಕುರಿತು ಮಾತನಾಡಬೇಕಾದವರಿಗೆ ಚಿತ್ರವೇ ಮಾದರಿಯಾಗಿ ಒದಗಬೇಕಾಯಿತು. ಹದಿನೆಂಟನೆಯ ಶತಮಾನದ ಎಷ್ಟೋ ಶಿಲೀಂಧ್ರನಾಮಗಳಿಗೆ ಇಂದಿಗೂ ಆಧಾರವಾಗಿ ನಿಂತಿರುವುದು ಯಾವ ಒಣ ಮಾದರಿಯೂ ಅಲ್ಲ, ಯಾರೋ ಕೈಯಾರೆ ಬರೆದು ಬಣ್ಣ ತುಂಬಿದ ಒಂದು ಫಲಕ. ನಾಮಕರಣದ ಅಂತರರಾಷ್ಟ್ರೀಯ ನಿಯಮಗಳು ಅದನ್ನು ಮಾನ್ಯಮಾಡಿವೆ. ಇಲ್ಲಿ ಕಲೆ ಶಾಸ್ತ್ರದ ಅಲಂಕಾರವಲ್ಲ, ಅದರ ಸಾಕ್ಷಿ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳನ್ನೊಳಗೊಂಡ ಸೀಮೆ ಈ ವಿಷಯದಲ್ಲಿ ಮೇಲ್ನೋಟಕ್ಕೆ ಬಡವೆನಿಸಬಹುದು. ಮಲೆನಾಡಿನ ಸೆರಗಿಗೆ ಹತ್ತಿದ ಕಿತ್ತೂರನ್ನು ಬಿಟ್ಟು ಪೂರ್ವಕ್ಕೆ ಸರಿದಂತೆಲ್ಲ ಮಳೆ ಕಡಿಮೆಯಾಗುತ್ತ, ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ನವಿಲುತೀರ್ಥದ ಇಕ್ಕಟ್ಟಿನಲ್ಲಿ ಹಾಯ್ದು ರಾಮದುರ್ಗವನ್ನು ಮುಟ್ಟುವ ಹೊತ್ತಿಗೆ ನೆಲವು ಎರೆಹೊಲಗಳೂ ಮರಳುಗಲ್ಲಿನ ಬೋಳುಗುಡ್ಡಗಳೂ ಕೂಡಿದ ಒಣಸೀಮೆಯಾಗಿ ಮಾರ್ಪಡುತ್ತದೆ. ಆದರೂ ಮೃಗಶಿರಾ, ಆರಿದ್ರಾ ಮಳೆಗಳು ಬಿದ್ದೊಡನೆ ಹುತ್ತಗಳ ಸುತ್ತ ಗೆದ್ದಲು ತಾನೇ ಸಾಕಿದ ಶಿಲೀಂಧ್ರದ ಬಿಳಿಯ ಕೊಡೆಗಳು ಏಳುತ್ತವೆ. ನೆನೆದ ಬಣವೆಯ ಬುಡದಲ್ಲಿಯೂ ತಿಪ್ಪೆಯ ಮೇಲೆಯೂ ಸಂಜೆ ಮೂಡಿದ ಬೂದುಬಣ್ಣದ ತೆಳುಕೊಡೆಗಳು ಮರುದಿನ ಬಿಸಿಲೇರುವುದರೊಳಗೆ ಕರಗಿ ಕಪ್ಪು ನೀರಾಗುತ್ತವೆ. ಒಣಹುತ್ತಗಳ ನೆತ್ತಿಯ ಮೇಲೆ, ಅರಳದೆಯೇ ನಿಂತ ಮೊಗ್ಗಿನಂತೆ, ಪೊಡಾಕ್ಸಿಸ್ ಎಂಬ ಜಾತಿ ನಿಲ್ಲುತ್ತದೆ. ಈ ಕೊನೆಯದನ್ನು ಭಾರತದಿಂದ ಹೋದ ಮಾದರಿಯ ಆಧಾರದ ಮೇಲೆ ಲಿನೇಯಸನು 1771ರಲ್ಲಿಯೇ ಹೆಸರಿಸಿದ್ದನು. ಇನ್ನು ಹೊಲದ ಮಾತು. ಮುಂಗಾರಿ ಜೋಳ ಕಾಳುಕಟ್ಟುವ ಕಾಲಕ್ಕೆ ಮಳೆ ಹಿಡಿದುಕೊಂಡರೆ ಮುತ್ತಿನಂಥ ತೆನೆಯ ಮೇಲೆ ಒಂದು ಕಡೆ ತಿಳಿಗುಲಾಬಿ, ಇನ್ನೊಂದು ಕಡೆ ಕಾಡುಗಪ್ಪು, ಮಗದೊಂದು ಕಡೆ ಬೂದಿಬಣ್ಣ ಏರುತ್ತದೆ. ಗುಲಾಬಿ ಫ್ಯುಸೇರಿಯಮ್ ಎಂಬ ಶಿಲೀಂಧ್ರದ್ದು, ಕಪ್ಪು ಕರ್ವ್ಯುಲೇರಿಯ ಎಂಬುದರದ್ದು. ಹಿಂಗಾರಿ ಜೋಳ ಒಣಹವೆಯಲ್ಲಿ ಬಲಿಯುವುದರಿಂದ ಬಹುತೇಕ ಈ ಪೀಡೆಯಿಂದ ಪಾರಾಗುತ್ತದೆ. ಗೋದಿಯ ಎಲೆ ಕಾಂಡಗಳ ಮೇಲೆ ಹಳದಿಗೆಂಪು ಪುಡಿ ಕಾಣಿಸಿಕೊಂಡರೆ ಅದನ್ನು ಈ ಭಾಗದ ರೈತರು ಭಂಡಾರ ರೋಗವೆನ್ನುವರು; ಭಂಡಾರವನ್ನು ಹಣೆಗೆ ಹಚ್ಚಿಕೊಳ್ಳುವ ಎಲ್ಲಮ್ಮನ ಗುಡ್ಡದ ಸುತ್ತಲಿನ ಜನಕ್ಕೆ ಆ ಬಣ್ಣವನ್ನು ಬೇರೆ ಯಾವುದರಿಂದ ಹೆಸರಿಸಬೇಕೆಂಬ ಸಂಶಯ ಬಂದಿರಲಾರದು.

ಇಷ್ಟೆಲ್ಲ ಕಣ್ಣೆದುರಿಗಿದ್ದರೂ ಇವುಗಳ ಚೆಲುವಿನ ಕಡೆಗೆ ನಮ್ಮಲ್ಲಿ ದೃಷ್ಟಿ ಹೊರಳಲಿಲ್ಲವೆಂಬುದಕ್ಕೆ ಕಾರಣಗಳಿಲ್ಲದಿಲ್ಲ. ಬೆಳೆಗೇರಿದ ಬಣ್ಣ ರೈತನಿಗೆ ನಷ್ಟದ ಲೆಕ್ಕ; ಹೋಳಿಗೆಯ ಮೇಲೆ ಬಂದ ಹಸಿರು ಬೂಷ್ಟು ಮನೆಯಾಕೆಗೆ ಎಸೆಯಬೇಕಾದ ವಸ್ತು; ಮಕ್ಕಳು ನಾಯಿಕೊಡೆಯನ್ನು ಮುಟ್ಟಿದರೆ ಹಿರಿಯರು ಗದರಿಸುವುದು ವಿಷದ ಭಯದಿಂದ, ಆ ಭಯ ನ್ಯಾಯವಾದದ್ದೂ ಹೌದು. ಕವಕವನ್ನು, ಎಂದರೆ ಅಣಬೆಯನ್ನು, ಬೆಳ್ಳುಳ್ಳಿ ಈರುಳ್ಳಿಗಳ ಸಾಲಿನಲ್ಲಿ ಸೇರಿಸಿ ದ್ವಿಜರಿಗೆ ಅಭಕ್ಷ್ಯವೆಂದು ಮನುಸ್ಮೃತಿ ವಿಧಿಸಿದೆ. ಕವಿಗಳು ಮಾತ್ರ ಅಷ್ಟು ಕಠೋರರಾಗಲಿಲ್ಲ: ಮೇಘದ ಗರ್ಜನೆಯಿಂದ ಶಿಲೀಂಧ್ರಗಳು ಏಳುವುದನ್ನು ಭೂಮಿಯ ಫಲವಂತಿಕೆಯ ಲಕ್ಷಣವೆಂದು ಮೇಘದೂತದಲ್ಲಿ ಕಾಳಿದಾಸನು ಗಣಿಸಿರುವನು, ಮತ್ತು ಗುಡುಗಿದರೆ ಅಣಬೆ ಏಳುತ್ತದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಜೀವಂತವಾಗಿದೆ. (ಆ ಸ್ಥಳದಲ್ಲಿ ಶಿಲೀಂಧ್ರವೆಂದರೆ ಕಂದಲಿಯೆಂಬ ಗಿಡವೆಂದು ವ್ಯಾಖ್ಯಾನಕಾರ ಮಲ್ಲಿನಾಥನು ಅರ್ಥಮಾಡಿದ್ದಾನಾದರೂ, ಆಷಾಢದ ನೆಲವನ್ನು ಕಂಡವರಿಗೆ ಅಣಬೆಯೇ ಒಪ್ಪುವುದು.) ಚಿತ್ರಕಾರರು ಕವಿಗಳ ದಾರಿ ಹಿಡಿಯಲಿಲ್ಲ. ಈ ಸೀಮೆಯ ಹೆಮ್ಮೆಯ ಕಸೂತಿಯಲ್ಲಿ ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲುಗಳಿಗೆ ಸಿಕ್ಕ ಸ್ಥಾನ ಅಣಬೆಗೆ ಸಿಕ್ಕಲಿಲ್ಲ.

ಯುರೋಪಿನಲ್ಲಿಯೂ ಆರಂಭ ತಡವಾಗಿಯೇ ಆಯಿತು. ಸಸ್ಯಶಾಸ್ತ್ರಜ್ಞ ಕ್ಲೂಸಿಯಸನು 1601ರ ತನ್ನ ಸಸ್ಯಗ್ರಂಥಕ್ಕೆ ಅಣಬೆಗಳ ಭಾಗವೊಂದನ್ನು ಸೇರಿಸಿದನು. ಅದಕ್ಕಾಗಿ ಬರೆಯಿಸಿದ ಜಲವರ್ಣಚಿತ್ರಗಳು ಇಂದು ಲೈಡನ್ ವಿಶ್ವವಿದ್ಯಾಲಯದಲ್ಲಿವೆ. ಕೇವಲ ಅಣಬೆಗಳಿಗೇ ಮೀಸಲಾದ ಸಚಿತ್ರ ಗ್ರಂಥವನ್ನು ಸ್ಟರ್ಬೇಕನು 1675ರಲ್ಲಿ ಹೊರತಂದನು. ಆದರೆ ಬರಿಗಣ್ಣಿಗೆ ಕೊಳೆಯೆಂದು ತೋರುವ ಬೂಷ್ಟಿನಲ್ಲಿ ರೂಪವುಂಟೆಂದು ಮೊದಲು ತೋರಿಸಿಕೊಟ್ಟ ಕೀರ್ತಿ ರಾಬರ್ಟ್ ಹುಕ್ಕನದು. 1665ರ ‘ಮೈಕ್ರೊಗ್ರಾಫಿಯಾ’ದಲ್ಲಿ ಆತನು ಕುರಿತೊಗಲಿನ ಕೆಂಪು ರಟ್ಟಿನ ಒಂದು ಚಿಕ್ಕ ಪುಸ್ತಕದ ಮೇಲೆ ಬೆಳೆದ ಬೂಷ್ಟನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟು ಬರೆದಿರುವ ಫಲಕದಲ್ಲಿ, ನೀಳವಾದ ದಂಟುಗಳ ತುದಿಯಲ್ಲಿ ದುಂಡುಗುಂಡುಗಳು ನಿಂತಿದ್ದು, ಕೆಲವು ಇನ್ನೂ ಮುಚ್ಚಿಕೊಂಡೂ ಕೆಲವು ಒಡೆದು ಬಿರಿದೂ ಇರುವುದನ್ನು ನೋಡಿದವರಿಗೆ ಇದು ಪುಸ್ತಕದ ಮೇಲಿನ ಹೊಲಸೆಂಬ ಭಾವನೆ ಕ್ಷಣಮಾತ್ರವೂ ಉಳಿಯದು. ಮಳೆಗಾಲದಲ್ಲಿ ಕಪಾಟಿನ ಪುಸ್ತಕಗಳನ್ನು ಒರೆಸಿ ಬಿಸಿಲಿಗಿಡುವ ನಾವೆಲ್ಲರೂ ಅದೇ ಬಗೆಯ ವನವನ್ನು ಬಟ್ಟೆಯಿಂದ ಅಳಿಸಿಹಾಕುತ್ತಿರುವವರೇ. ಅನಂತರ ಫ್ಲಾರೆನ್ಸಿನ ಮಿಕೇಲಿಯು 1729ರಲ್ಲಿ ಬೂಷ್ಟಿನ ಬೀಜಾಣುಗಳನ್ನು ಹಣ್ಣಿನ ಹೋಳುಗಳ ಮೇಲೆ ಬಿತ್ತಿ ಬೆಳೆಯಿಸಿ, ಬೂಷ್ಟು ತನ್ನ ಬೀಜಾಣುವಿನಿಂದಲೇ ಹುಟ್ಟುವುದೆಂಬುದನ್ನು ಬರೆದ ಚಿತ್ರಗಳೊಡನೆ ಸ್ಥಾಪಿಸಿದನು. ಇಂಗ್ಲೆಂಡಿನ ಜೇಮ್ಸ್ ಸೌವರ್ಬಿ 1797ರಿಂದ 1815ರವರೆಗೆ ಅಣಬೆಗಳ ವರ್ಣಫಲಕಗಳನ್ನು ಕಂತುಕಂತಾಗಿ ಪ್ರಕಟಿಸಿದ್ದಲ್ಲದೆ, ಕಾಗದದಲ್ಲಿ ಆಕೃತಿಯ ಉಬ್ಬುತಗ್ಗುಗಳು ಬಾರವೆಂದು ಮಣ್ಣಿನಲ್ಲಿ ಮಾದರಿಗಳನ್ನೂ ತಿದ್ದಿದನು. ಫ್ರಾನ್ಸಿನ ತ್ಯುಲಾನ್ ಸೋದರರ ಶಿಲೀಂಧ್ರಗ್ರಂಥದ (1861–65) ರೇಖಾಚಿತ್ರಗಳನ್ನು ಮೀರಿಸಿದ ಕೆಲಸ ಇಂದಿಗೂ ಆಗಿಲ್ಲವೆಂದು ಹಲವರ ಮತ.

ಮಕ್ಕಳ ಕಥೆಗಳಿಂದ ಪ್ರಸಿದ್ಧಳಾದ ಬಿಯಾಟ್ರಿಕ್ಸ್ ಪಾಟರ್ (1866–1943) ಆ ಕಥೆಗಳಿಗೆ ಮೊದಲು ವರ್ಷಾನುಗಟ್ಟಲೆ ಅಣಬೆಗಳನ್ನು ಬರೆದಳೆಂಬುದು ಬಹುಜನಕ್ಕೆ ತಿಳಿಯದು. ಸ್ಕಾಟ್ಲೆಂಡಿನ ಪರ್ತ್‌ಶೈರಿನ ಅಂಚೆಯವನಾದ ಚಾರ್ಲ್ಸ್ ಮ್ಯಾಕಿಂಟಾಶ್ ಅಂಚೆಯ ಮೂಲಕ ಕಳುಹಿಸುತ್ತಿದ್ದ ತಾಜಾ ಮಾದರಿಗಳನ್ನು ಅವು ಬಾಡುವ ಮುನ್ನವೇ ಬರೆದು, ಅಡ್ಡಸೀಳನ್ನೂ ಬೀಜಾಣುಗಳನ್ನೂ ಪಕ್ಕದಲ್ಲಿ ಚಿತ್ರಿಸಿ, ಬೀಜಾಣು ಮೊಳೆಯುವ ಕ್ರಮವನ್ನು ಕುರಿತು ಆಕೆ ಸಿದ್ಧಪಡಿಸಿದ ಪ್ರಬಂಧ 1897ರ ಏಪ್ರಿಲ್ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಭೆಯ ಮುಂದೆ ಬಂದಿತು. ಸ್ತ್ರೀಯರಿಗೆ ಸಭಾಪ್ರವೇಶವಿಲ್ಲದ ಕಾರಣ ಅದನ್ನು ಮಂಡಿಸಿದವನು ಕ್ಯೂ ಉದ್ಯಾನದ ಜಾರ್ಜ್ ಮ್ಯಾಸೀ. ಪ್ರಬಂಧವು ಅಚ್ಚಾಗದೆ ಕಳೆದುಹೋಯಿತು. ಚಿತ್ರಗಳು ಉಳಿದವು, ಮತ್ತು ಅವುಗಳಲ್ಲಿ ಹಲವನ್ನು 1967ರಲ್ಲಿ ಪ್ರಕಟವಾದ ಅಣಬೆಗಳ ಕೈಪಿಡಿಯೊಂದು ಬಳಸಿಕೊಂಡಿತು. ಅಮೆರಿಕದ ಮೇರಿ ಬ್ಯಾನಿಂಗಳ ಗತಿಯೂ ಹೆಚ್ಚು ಭಿನ್ನವಲ್ಲ: ಮೇರಿಲ್ಯಾಂಡಿನ ಅಣಬೆಗಳನ್ನು ಎರಡು ದಶಕಗಳ ಕಾಲ ಬರೆದು ಆಕೆ ನ್ಯೂಯಾರ್ಕಿಗೆ ಕಳುಹಿಸಿದ ಜಲವರ್ಣಗಳ ಹೊತ್ತಗೆ ತೊಂಬತ್ತು ವರ್ಷಗಳಷ್ಟು ಕಾಲ ಬೀರುವಿನಲ್ಲಿ ಬಿದ್ದಿತ್ತು.

ಪೂರ್ವದೇಶಗಳಲ್ಲಿ ಈ ಕಲೆಯ ಮಹಾಪುರುಷನೆಂದರೆ ಜಪಾನಿನ ಮಿನಕಾತಾ ಕುಮಗುಸು (1867–1941). ಲಂಡನ್ನಿನಿಂದ ಮರಳಿ ಕೀ ಪ್ರಾಂತದ ತನಬೆ ಊರಿನಲ್ಲಿ ನೆಲೆಸಿದ ಈತನು ಒಂದೊಂದು ಹಾಳೆಯಲ್ಲಿ ಅಣಬೆಯ ವರ್ಣಚಿತ್ರ, ಅದರ ಒಣಗಿಸಿದ ಸೀಳು, ಬೀಜಾಣುಗಳ ಪೊಟ್ಟಣ, ಸುತ್ತಲೂ ಖಾಲಿ ಜಾಗವೇ ಉಳಿಯದಂತೆ ಇಂಗ್ಲಿಷಿನ ಸಣ್ಣಕ್ಷರದ ಟಿಪ್ಪಣಿ, ಹೀಗೆ ಸಾವಿರಾರು ಹಾಳೆಗಳನ್ನು ತುಂಬಿದನು. 1929ರಲ್ಲಿ ಚಕ್ರವರ್ತಿಯ ಮುಂದೆ ಉಪನ್ಯಾಸಕ್ಕೆ ಕರೆ ಬಂದಾಗ ಲೋಳೆಬೂಷ್ಟುಗಳ ಮಾದರಿಗಳನ್ನು ಮಿಠಾಯಿಯ ರಟ್ಟಿನ ಪೆಟ್ಟಿಗೆಗಳಲ್ಲಿಟ್ಟು ಕಾಣಿಕೆಯಾಗಿ ಕೊಟ್ಟನೆಂಬುದು ಆ ದೇಶದಲ್ಲಿ ಮನೆಮಾತು. (ಲೋಳೆಬೂಷ್ಟುಗಳನ್ನು ಇಂದು ನಿಜವಾದ ಶಿಲೀಂಧ್ರಗಳಲ್ಲಿ ಎಣಿಸುವುದಿಲ್ಲ, ಚಿತ್ರಕಾರರು ಆ ಭೇದವನ್ನು ಎಂದೂ ಲೆಕ್ಕಿಸಿದವರಲ್ಲ.)

ಕನ್ನಡನಾಡಿನ ಸಂಬಂಧ ಈ ಚರಿತ್ರೆಗೆ ಒದಗುವುದು ಸೂಕ್ಷ್ಮದರ್ಶಕದ ಕಡೆಯಿಂದ. ಭಾರತೀಯ ಸಸ್ಯರೋಗಶಾಸ್ತ್ರ ಸಂಘವನ್ನು 1947ರಲ್ಲಿ ಸ್ಥಾಪಿಸಿದ ಬಿ. ಬಿ. ಮುಂಡ್ಕೂರರೂ ಮೈಸೂರಿನ ಎಂ. ಜೆ. ತಿರುಮಲಾಚಾರ್ಯರೂ ಕೂಡಿ ಭಾರತದ ಕಾಡಿಗೆ ಶಿಲೀಂಧ್ರಗಳನ್ನು ಕುರಿತು ಬರೆದ ಗ್ರಂಥ 1952ರಲ್ಲಿ ಕ್ಯೂದಿಂದ ಪ್ರಕಟವಾಯಿತು. ಮುಂಡ್ಕೂರರ ಹೆಸರಿನಲ್ಲಿ ತಿರುಮಲಾಚಾರ್ಯರು ಮುಂಡ್ಕೂರೆಲ್ಲಾ ಎಂಬ ಕುಲವೊಂದನ್ನೂ ಸ್ಥಾಪಿಸಿದ್ದರು. ಕಾಡಿಗೆಯೆಂದರೆ ಬೈಲಹೊಂಗಲದ ಎರೆಯ ಒಕ್ಕಲಿಗನಿಗೆ ಪರಿಚಯ ಬೇಕಾದುದಲ್ಲ. ಕಾಳು ಕಾಡಿಗೆ ಬಿದ್ದ ಜೋಳದ ತೆನೆಯಲ್ಲಿ ಕಾಳಿನ ಸ್ಥಳದಲ್ಲೆಲ್ಲ ಬೂದುಬಿಳಿಯ ಚೀಲಗಳು ನಿಂತು, ಹಿಸುಕಿದರೆ ಕರಿಪುಡಿ ಕೈಗೆ ಮೆತ್ತುತ್ತದೆ. ತೆನೆ ಕಾಡಿಗೆಯಲ್ಲಿ ಇಡೀ ತೆನೆಯೇ ಒಂದು ಪೊರೆಯ ಗಂಟಾಗಿ, ಪೊರೆ ಹರಿದ ಮೇಲೆ ಕಪ್ಪುಪುಡಿ ಗಾಳಿಗೆ ಹಾರಿಹೋಗಿ ಬರಿಯ ನಾರುಗಳ ಕುಚ್ಚು ಉಳಿಯುತ್ತದೆ. ಆ ಪುಡಿಯ ಒಂದು ಚಿಟಿಕೆಯನ್ನು ಗಾಜಿನ ಮೇಲಿಟ್ಟು ನೋಡಿದರೆ ಕಪ್ಪು ಮಾಯವಾಗಿ, ಹಳದಿಗಂದು ಬಣ್ಣದ ಪಾರದರ್ಶಕ ಗೋಲಗಳು ತೋರುವುವು. ಜಾತಿಯಿಂದ ಜಾತಿಗೆ ಬೀಜಾಣುವಿನ ಮೈಮೇಲಿನ ಮುಳ್ಳು, ಬಲೆ, ಬೊಕ್ಕೆಗಳ ವಿನ್ಯಾಸ ಬದಲಾಗುವುದರಿಂದ ಅದನ್ನು ಬರೆಯಬಲ್ಲ ಕೈಯಿಲ್ಲದವನಿಗೆ ಈ ಶಾಸ್ತ್ರದಲ್ಲಿ ಗತಿಯಿರಲಿಲ್ಲ. ಕ್ಯಾಮೆರಾ ಲೂಸಿಡಾ ಎಂಬ ಉಪಕರಣವು ಸೂಕ್ಷ್ಮದರ್ಶಕದ ಬಿಂಬವನ್ನೂ ಮೇಜಿನ ಮೇಲಿನ ಕಾಗದವನ್ನೂ ಒಂದೇ ನೋಟದಲ್ಲಿ ಕೂಡಿಸಿಕೊಡುತ್ತಿತ್ತು. ಅದರ ಮೇಲೆ ಪೆನ್ಸಿಲಿನಿಂದ ಹೊರಗೆರೆ ಎಳೆದು, ಆಮೇಲೆ ಕರಿಶಾಯಿಯ ಚುಕ್ಕೆಗಳಿಂದ ನೆರಳು ಕೂಡಿಸುವ ಪದ್ಧತಿಯೇ ಆ ತಲೆಮಾರಿನ ಸಸ್ಯಶಾಸ್ತ್ರಜ್ಞರೆಲ್ಲರ ಅಕ್ಷರಾಭ್ಯಾಸವಾಗಿತ್ತು. ಸಿ. ವಿ. ಸುಬ್ರಮಣಿಯನ್ನರ 1971ರ ಶಿಲೀಂಧ್ರಗ್ರಂಥವೂ, ಗೋವಾ ವಿಶ್ವವಿದ್ಯಾಲಯದ ಡಿ. ಜೆ. ಭಟ್ಟರು ಪಶ್ಚಿಮಘಟ್ಟದ ಸೂಕ್ಷ್ಮಶಿಲೀಂಧ್ರಗಳನ್ನು ಕುರಿತು 2010ರಲ್ಲಿ ಹೊರತಂದ ಸಚಿತ್ರ ಗ್ರಂಥವೂ ಇದೇ ಪರಂಪರೆಯವು. ಘಟ್ಟದ ತೊರೆಗಳ ನೊರೆಯಲ್ಲಿ ಸಿಕ್ಕಿಕೊಳ್ಳುವ, ನಾಲ್ಕು ತೋಳುಗಳ, ಬಾಗಿದ ಕೊಕ್ಕೆಗಳ, ಕವಲೊಡೆದ ಕೋಲುಗಳ ಆಕಾರದ ಬೀಜಾಣುಗಳನ್ನು 1942ರಲ್ಲಿ ಇಂಗ್ಲೆಂಡಿನ ಇಂಗೋಲ್ಡನು ಮೊದಲು ವಿವರವಾಗಿ ಬಣ್ಣಿಸಿದನು. ಮಳೆಗಾಲದಲ್ಲಿ ಸೊಗಲದ ಜಲಪಾತದ ಬುಡದ ನೊರೆಯನ್ನು ಒಂದು ಹನಿ ಎತ್ತಿ ನೋಡುವವರಿಗೂ ಅಂಥವು ಕಂಡರೆ ಆಶ್ಚರ್ಯವಿಲ್ಲ.

ಉಪಕರಣಗಳಿಲ್ಲದೆ ಮಾಡಬಹುದಾದ ಚಿತ್ರಣವೂ ಉಂಟು. ಅರಳಿದ ಅಣಬೆಯ ಕಾಲನ್ನು ಕತ್ತರಿಸಿ, ಕೊಡೆಯನ್ನು ಪದರುಗಳು ಕೆಳಗಾಗುವಂತೆ ಕಾಗದದ ಮೇಲಿಟ್ಟು, ಗಾಳಿಯಾಡದಂತೆ ಬಟ್ಟಲನ್ನು ಬೋರಲುಹಾಕಿ ಒಂದು ರಾತ್ರಿ ಬಿಟ್ಟರೆ, ಬೀಜಾಣುಗಳು ತಾವಾಗಿಯೇ ಉದುರಿ ಪದರು ಪದರಿನ ಕಿರಣಾಕಾರವನ್ನು ಕಾಗದದ ಮೇಲೆ ಮುದ್ರಿಸಿರುತ್ತವೆ. ಹುತ್ತದ ಅಣಬೆಯ ಮುದ್ರೆ ನಸುಗೆಂಪು. ಅದನ್ನೇ ಹೋಲುವ ದೊಡ್ಡ ಬಿಳಿಯ ಕೊಡೆಯೊಂದು ಹುಲ್ಲುನೆಲದಲ್ಲಿ ಎದ್ದು, ಅದರ ಮುದ್ರೆ ಮಾಸಲು ಹಸಿರಾಗಿ ಬಿದ್ದಿತೆಂದರೆ ಅದು ಕ್ಲೋರೊಫಿಲಮ್ ಎಂಬ ವಿಷಜಾತಿಯೆಂದು ತಿಳಿಯತಕ್ಕದ್ದು. ಮುದ್ರೆಯೊಂದನ್ನೇ ನೆಚ್ಚಿ ಯಾವ ಅಣಬೆಯನ್ನೂ ಉಣ್ಣಲಾಗದು. ಬಿಳಿಯ ಮುದ್ರೆಗೆ ಕರಿಕಾಗದವನ್ನೂ ಉಳಿದವಕ್ಕೆ ಬಿಳಿಯದನ್ನೂ ಹಾಸುವುದು ವಾಡಿಕೆ. ತಿಪ್ಪೆಯ ಮೇಲೆ ಕರಗುವ ತೆಳುಕೊಡೆಗಳ ಕಪ್ಪುನೀರನ್ನು ಸೋಸಿ ಲೇಖನಿಯಲ್ಲಿ ಬಳಸಿದವರಿದ್ದಾರೆ. ಹಾಗೆ ಬರೆದ ಚಿತ್ರದ ಶಾಯಿಯಲ್ಲಿ ಆ ಅಣಬೆಯ ಬೀಜಾಣುಗಳೇ ಇರುತ್ತವೆ.

ಆದರೆ ಕೊಟ್ಟಿಗೆಯಿದ್ದ ಮನೆಯಲ್ಲಿ ನೋಡತಕ್ಕ ಅತ್ಯಂತ ಸೋಜಿಗದ ಶಿಲೀಂಧ್ರವೆಂದರೆ ಪೈಲೋಬೋಲಸ್. ಹಸಿ ಹೆಂಡಿಯನ್ನು ಗಾಜಿನ ಭರಣಿಯಲ್ಲಿಟ್ಟು, ತೇವ ಆರದಂತೆ ಮುಚ್ಚಿ, ಬೆಳಕಿನ ಕಿಟಕಿಯ ಬಳಿ ಬಿಟ್ಟರೆ ಕೆಲವು ದಿನಗಳಲ್ಲಿ ಅದರ ಮೇಲೆ ಸ್ಫಟಿಕದಷ್ಟು ನಿರ್ಮಲವಾದ ದಂಟುಗಳು ಏಳುತ್ತವೆ. ಕೆಲವೇ ಸೆಂಟಿಮೀಟರಿಗೆ ಮೀರದ ಪ್ರತಿಯೊಂದು ದಂಟಿನ ತುದಿಯಲ್ಲಿ ನೀರು ತುಂಬಿದ ಗುಳ್ಳೆ, ಗುಳ್ಳೆಯ ನೆತ್ತಿಯ ಮೇಲೆ ಕಪ್ಪು ಟೊಪ್ಪಿಗೆ, ಮೈತುಂಬ ಹನಿಗಳು. ಆ ಗುಳ್ಳೆಯೇ ಮಸೂರವಾಗಿ ಬೆಳಕನ್ನು ಹಿಡಿದು ದಂಟನ್ನು ಬೆಳಕಿನತ್ತ ತಿರುಗಿಸುತ್ತದೆ. ಒತ್ತಡ ಮಿತಿಮೀರಿದಾಗ ಒಡೆದು, ಬೀಜಾಣು ತುಂಬಿದ ಟೊಪ್ಪಿಗೆಯನ್ನು ಎರಡು ಮೀಟರಿನಷ್ಟು ದೂರಕ್ಕೆ ಚಿಮ್ಮಿಸುತ್ತದೆ. ದನ ಮೇಯುವ ಹುಲ್ಲನ್ನು ಮುಟ್ಟಬೇಕೆಂಬುದು ಇದರ ಉದ್ದೇಶ. ಭರಣಿಯೊಳಗಾದರೆ ಬೆಳಕು ಬರುವ ಗಾಜಿನ ಮಗ್ಗುಲೆಲ್ಲ ಕಪ್ಪು ಚುಕ್ಕೆಗಳಾಗುವುದು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ 1971ರಲ್ಲಿ ಹುಟ್ಟಿದ ಪ್ರಸಿದ್ಧ ನೃತ್ಯತಂಡವೊಂದು ಇದರ ಹೆಸರನ್ನೇ ಇಟ್ಟುಕೊಂಡಿದೆ. ಹೆಂಡಿಯನ್ನು ಬಳಿದು, ತಟ್ಟಿ, ಪೂಜಿಸಿ ಬಲ್ಲ ನಮ್ಮವರಿಗೆ ಈ ನೋಟ ತಪ್ಪಿಹೋದದ್ದು ವಿಚಿತ್ರವೇ ಸರಿ.

ಕೊಳೆಯುವಿಕೆಯನ್ನೇ ವಸ್ತುವಾಗಿ ಮಾಡಿಕೊಂಡ ಕೃತಿಗಳಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಗಾಜಿನ ಮಾದರಿಗಳಿಗೆ ಸಮನಾದುದಿಲ್ಲ. ಜರ್ಮನಿಯ ಲಿಯೋಪೋಲ್ಡ್ ಮತ್ತು ರುಡಾಲ್ಫ್ ಬ್ಲಾಷ್ಕಾ ಎಂಬ ತಂದೆಮಕ್ಕಳು 1887ರಿಂದ ಆ ವಿಶ್ವವಿದ್ಯಾಲಯಕ್ಕಾಗಿ ಗಾಜಿನ ಹೂಗಳನ್ನು ಮಾಡಿಕೊಟ್ಟರು. ತಂದೆ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1924ರಿಂದ 1932ರವರೆಗೆ, ಮಗನು ಬೂಷ್ಟು ಹಿಡಿದ, ಚುಕ್ಕೆ ಬಿದ್ದ, ಕೊಳೆತು ಕುಸಿದ ಸೇಬು, ಪೀಚು, ಮರಸೇಬುಗಳನ್ನು ಗಾಜಿನಲ್ಲಿ ರೂಪಿಸಿದನು. ಹೂಗಳ ಮುಂದೆ ನಿಂತವರು ಕೌಶಲವನ್ನು ಹೊಗಳುವರು. ಕೊಳೆತ ಹಣ್ಣುಗಳ ಮುಂದೆ ಹೊಗಳಿಕೆ ಅಷ್ಟು ಸುಲಭವಾಗಿ ಬಾಯಿಗೆ ಬಾರದು, ಆದುದರಿಂದಲೇ ಅವು ಮೇಲೆಂದು ತೋರುತ್ತದೆ. ಶಿಲೀಂಧ್ರವನ್ನು ಬಣ್ಣವಾಗಿ ಬಳಸಿದವರೂ ಉಂಟು: ನವೋದಯಕಾಲದ ಇಟಲಿಯ ಮರಗೆತ್ತನೆಯವರು ಕ್ಲೋರೊಸಿಬೋರಿಯಾ ಎಂಬ ಶಿಲೀಂಧ್ರ ಹೊಕ್ಕ ಮರದ ನೀಲಿಹಸಿರು ಚೂರುಗಳನ್ನು ಕೂಡಿಸಿ ಎಲೆ ಬೆಟ್ಟಗಳ ಚಿತ್ರ ಕಟ್ಟಿದರು. ಪೆನಿಸಿಲಿನ್ನಿನ ಗುಣವನ್ನು 1928ರಲ್ಲಿ ಕಂಡ ಅಲೆಗ್ಸಾಂಡರ್ ಫ್ಲೆಮಿಂಗ್ ಬಣ್ಣಬಣ್ಣದ ಸೂಕ್ಷ್ಮಾಣುಗಳನ್ನು ಅಗರಿನ ಮೇಲೆ ಬಿತ್ತಿ ಚಿತ್ರ ಬರೆಯುವ ವಿನೋದವನ್ನು ಇಟ್ಟುಕೊಂಡಿದ್ದನು. ಅಮೆರಿಕದ ಸೂಕ್ಷ್ಮಜೀವಿಶಾಸ್ತ್ರ ಸಂಘ 2015ರಲ್ಲಿ ಅಂಥ ಚಿತ್ರಗಳಿಗೆ ಸ್ಪರ್ಧೆಯನ್ನು ಆರಂಭಿಸಿತು. ಇವುಗಳಲ್ಲಿ ಬಹುಪಾಲು ಆಟಿಕೆಯ ಮಟ್ಟವನ್ನು ದಾಟುವುದಿಲ್ಲ. ಛಾಯಾಗ್ರಹಣದ ವಿಷಯ ಬೇರೆ. ಪಶ್ಚಿಮಘಟ್ಟದ ಕಾಡುಗಳಲ್ಲಿ ಮಳೆಗಾಲದ ರಾತ್ರಿ ಹೊಳೆಯುವ ಮೈಸೀನಾ ಜಾತಿಯ ಅಣಬೆಗಳು ಬರಿಗಣ್ಣಿಗೆ ಮಂಕು ಬಿಳುಪಾಗಿ ತೋರಿದರೆ, ಬಹುಹೊತ್ತು ತೆರೆದಿಟ್ಟ ಕ್ಯಾಮೆರಾ ಅವನ್ನು ಪಚ್ಚೆಯಾಗಿ ಕಾಣಿಸುತ್ತದೆ. ಇದನ್ನು ಸುಳ್ಳೆನ್ನುವವರಿದ್ದಾರೆ, ಹುಕ್ಕನ ಮಸೂರವೂ ಕಣ್ಣಿಗಿಲ್ಲದುದನ್ನೇ ತೋರಿಸಿತೆಂಬುದು ಅವರಿಗೆ ಉತ್ತರ.

ಈ ಸೀಮೆಯಲ್ಲಿ ವರ್ಷದ ಎಲ್ಲ ಕಾಲದಲ್ಲಿಯೂ ದೊರೆಯುವ ಚಿತ್ರವಸ್ತುವೆಂದರೆ ಕಲ್ಲುಹೂವು. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೋಡುಜೀವಿ ಇದೆಂದು ಸ್ವಿಟ್ಜರ್ಲೆಂಡಿನ ಶ್ವೆಂಡನರನು 1860ರ ದಶಕದ ಕೊನೆಯಲ್ಲಿ ಹೇಳಿದಾಗ ನಂಬಿದವರು ಕಡಿಮೆ. ಮಸಾಲೆಯ ಡಬ್ಬಿಯಲ್ಲಿರುವ, ದಗಡಫೂಲವೆಂದೂ ಕರೆಯಿಸಿಕೊಳ್ಳುವ ಕರಿಬಿಳುಪಿನ ಸುರುಟು ಎಲೆಗಳು ತೇವದ ಮಲೆಗಳಿಂದ ಬಂದವು; ಸವದತ್ತಿ ಹೂಲಿಗಳಂಥ ಒಣ ಊರುಗಳ ಕೋಟೆಗೋಡೆ, ಗುಡಿಯ ಹೊರಗೋಡೆಗಳ ಮೇಲಿನವು ಕಲ್ಲಿಗೇ ಹತ್ತಿ ಹರಡುವ ತೆಳು ಹೊರಪದರುಗಳು, ಬೂದು, ನಸುಹಸಿರು, ಕಪ್ಪು, ಅಲ್ಲಲ್ಲಿ ಕಿತ್ತಳೆ. ವರ್ಷಕ್ಕೆ ಮಿಲಿಮೀಟರಿನ ಲೆಕ್ಕದಲ್ಲಿ ಬೆಳೆಯುವ ಈ ಮಂಡಲಗಳು ಒಂದನ್ನೊಂದು ಮುಟ್ಟಿದಲ್ಲಿ ಕರಿಗೆರೆಯ ಗಡಿಗಳೇಳುವುದುಂಟು. ಭೂಪಟವನ್ನು ಬರೆದಂತೆ ಅವನ್ನು ಬರೆಯಬಹುದು. ಜೀವಶಾಸ್ತ್ರಜ್ಞ ಹೇಕೆಲನು ತನ್ನ ‘ಪ್ರಕೃತಿಯ ಕಲಾರೂಪಗಳು’ ಫಲಕಮಾಲೆಯಲ್ಲಿ (1899–1904) ಕಲ್ಲುಹೂಗಳಿಗೆ ಪ್ರತ್ಯೇಕ ಫಲಕವನ್ನೇ ಕೊಟ್ಟಿದ್ದಾನೆ. ಸ್ಮಾರಕಗಳ ರಕ್ಷಣೆಗೆ ನಿಂತವರ ಎಣಿಕೆ ಬೇರೆ. ಇವುಗಳ ತಂತುಗಳು ಕಲ್ಲಿನ ಕಣಗಳ ನಡುವೆ ಇಳಿದು, ನೆನೆದಾಗ ಹಿಗ್ಗಿ ಒಣಗಿದಾಗ ಕುಗ್ಗಿ ಕಣಗಳನ್ನು ಸಡಿಲಿಸುವುವು. ಇವು ಸ್ರವಿಸುವ ಆಕ್ಸಾಲಿಕ್ ಆಮ್ಲ ಕಲ್ಲನ್ನು ಕೊರೆಯುವುದು. ಆದುದರಿಂದ ಅಮೋನಿಯಾ ಬೆರೆಸಿದ ನೀರಿನಿಂದ ಉಜ್ಜಿ ತೊಳೆದು ಶಿಲೀಂಧ್ರನಾಶಕವನ್ನು ಬಳಿಯುವುದು ರೂಢಿಯಾಗಿದೆ. ಕೆಲವೆಡೆ ಈ ಹೊರಪದರೇ ಮಳೆಯ ಹೊಡೆತದಿಂದ ಕಲ್ಲನ್ನು ಕಾಯುತ್ತದೆಂಬ ಅಭಿಪ್ರಾಯವೂ ವಿದ್ವಾಂಸರಲ್ಲಿದೆ. ಶಾಸನದ ಅಕ್ಷರಗಳು ಅಳಿಯುತ್ತಿರುವ ಕಡೆ ತೊಳೆಯುವುದೇ ಸರಿಯೆಂಬುದರಲ್ಲಿ ಎರಡು ಮಾತಿಲ್ಲ; ಬರಿಯ ಕೋಟೆಗೋಡೆಯಲ್ಲಿ ಹಾಗೆನ್ನಲು ಕಾರಣ ಕಾಣದು. ಎರಡರಲ್ಲಿ ಯಾವುದನ್ನು ಮಾಡಿದರೂ, ಕುಂಚವಿಡುವ ಮುನ್ನ ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಪ್ರತಿಯೊಂದು ಮಂಡಲದ ಚಿತ್ರ ತೆಗೆದಿಡುವುದಕ್ಕೆ ಹೆಚ್ಚಿನ ಖರ್ಚಿಲ್ಲ. ವಯಸ್ಸು ಗೊತ್ತಿರುವ ಕಲ್ಲಿನ ಮೇಲಿನ ಮಂಡಲಗಳನ್ನು ಅಳೆದು, ವಯಸ್ಸು ಗೊತ್ತಿಲ್ಲದ ಕಲ್ಲುಗಳ ಕಾಲವನ್ನು ಅಂದಾಜುಮಾಡುವ ವಿಧಾನವನ್ನು ಆಸ್ಟ್ರಿಯದ ಬೆಷೆಲನು 1950ರಲ್ಲಿಯೇ ತೋರಿಸಿಕೊಟ್ಟಿದ್ದಾನೆ.